ಜ್ವರಕ್ಕೆ ರಕ್ತಪರೀಕ್ಷೆ: ಎಷ್ಟನೆಯ ದಿನ, ಯಾವ ಪರೀಕ್ಷೆ?

ಮಳೆಗಾಲ ಬಂತೆಂದರೆ ಸಾಕು, ಮನೆಮನೆಯಲ್ಲೂ ಜ್ವರದ ಮಾತು. ಮೊದಲ ದಿನ ಕಾಳುಮೆಣಸಿನ ಕಷಾಯ, ಎರಡನೆಯ ದಿನ ಔಷಧಿ ಅಂಗಡಿಯಿಂದ ತಂದ ಮಾತ್ರೆ. ಮೂರನೆಯ ದಿನವೂ ಮೈ ಬಿಸಿ ಇಳಿಯದಿದ್ದರೆ ಮನೆಯವರಿಗೆ ಗಾಬರಿ. "ಡಾಕ್ಟ್ರೇ, ಎಲ್ಲ ರಕ್ತಪರೀಕ್ಷೆಗೂ ಬರೆದುಕೊಡಿ, ಏನಿದೆಯೋ ಗೊತ್ತಾಗಿಬಿಡಲಿ" ಎಂದು ಕೇಳುವವರು ಅನೇಕರು. ವೈದ್ಯರ ಬಳಿಗೂ ಹೋಗದೆ ನೇರವಾಗಿ ಲ್ಯಾಬಿಗೆ ಹೋಗಿ ಮಲೇರಿಯಾ, ಟೈಫಾಯಿಡ್, ಡೆಂಗಿ ಮೂರಕ್ಕೂ ಒಟ್ಟಿಗೆ ರಕ್ತ ಕೊಟ್ಟು ಬರುವವರೂ ಇದ್ದಾರೆ. ವರದಿಯಲ್ಲಿ 'ನೆಗೆಟಿವ್' ಎಂದಿದ್ದರೆ ನಿರಾಳ, 'ಪಾಸಿಟಿವ್' ಎಂದಿದ್ದರೆ ಭಯ.

ಈ ನಿರಾಳವೂ ಈ ಭಯವೂ ಎಷ್ಟೋ ಬಾರಿ ಆಧಾರವಿಲ್ಲದವು. ಜ್ವರಕ್ಕಾಗಿ ಮಾಡುವ ರಕ್ತಪರೀಕ್ಷೆಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಆದ ಕಾಲವಿದೆ. ಎರಡನೆಯ ದಿನ ರೋಗವನ್ನು ಪತ್ತೆ ಮಾಡುವ ಪರೀಕ್ಷೆ ಎಂಟನೆಯ ದಿನ ಏನನ್ನೂ ತೋರಿಸದೆ ಇರಬಹುದು. ಎಂಟನೆಯ ದಿನ ಮಾಡಬೇಕಾದ ಪರೀಕ್ಷೆಯನ್ನು ಎರಡನೆಯ ದಿನ ಮಾಡಿಸಿದರೆ ಹಣವೂ ದಂಡ, ದಾರಿಯೂ ತಪ್ಪುತ್ತದೆ. "ಜ್ವರ ಬಂದು ಎಷ್ಟು ದಿನವಾಯಿತು?" ಎಂದು ವೈದ್ಯರು ಕೇಳುವುದು ಮಾತಿಗೆ ಪೀಠಿಕೆಯಾಗಿ ಅಲ್ಲ. ಯಾವ ಪರೀಕ್ಷೆಗೆ ಬರೆಯಬೇಕು ಎಂಬುದು ನೀವು ಕೊಡುವ ಆ ಉತ್ತರವನ್ನೇ ಅವಲಂಬಿಸಿದೆ.

ರಕ್ತದಲ್ಲಿ ಹುಡುಕುವುದು ಏನನ್ನು?

ಜ್ವರದ ಕಾರಣವನ್ನು ರಕ್ತದಲ್ಲಿ ಎರಡು ರೀತಿಯಲ್ಲಿ ಹುಡುಕಬಹುದು. ಒಂದು, ರೋಗಾಣುವನ್ನೇ ಅಥವಾ ಅದರ ಭಾಗವನ್ನೇ ಪತ್ತೆ ಮಾಡುವುದು. ಮಲೇರಿಯಾದ ರಕ್ತಲೇಪ, ಟೈಫಾಯಿಡ್‌ನ ಬ್ಲಡ್ ಕಲ್ಚರ್, ಡೆಂಗಿಯ ಎನ್‌ಎಸ್1 ಪರೀಕ್ಷೆ, ಪಿಸಿಆರ್ ಪರೀಕ್ಷೆ ಇವೆಲ್ಲ ಈ ಗುಂಪಿನವು. ಇನ್ನೊಂದು, ರೋಗಾಣುವಿನ ವಿರುದ್ಧ ದೇಹವು ತಯಾರಿಸಿದ ಪ್ರತಿಕಾಯಗಳನ್ನು ಹುಡುಕುವುದು. ವಿಡಾಲ್ ಪರೀಕ್ಷೆ, ಐಜಿಎಂ ಪರೀಕ್ಷೆಗಳು ಈ ಗುಂಪಿಗೆ ಸೇರುತ್ತವೆ.

ಮೊದಲನೆಯದು ಮನೆಗೆ ನುಗ್ಗಿದ ಕಳ್ಳನನ್ನೇ ಹಿಡಿದಂತೆ. ಎರಡನೆಯದು ಅವನು ಬಂದುಹೋದ ಹೆಜ್ಜೆಗುರುತನ್ನು ನೋಡಿದಂತೆ. ಪ್ರತಿಕಾಯಗಳು ತಯಾರಾಗಲು ದೇಹಕ್ಕೆ ನಾಲ್ಕೈದು ದಿನಗಳಿಂದ ಒಂದು ವಾರದವರೆಗೆ ಸಮಯ ಬೇಕು. ಹೀಗಾಗಿ ಆರಂಭದಲ್ಲಿ ಅವು ಸಿಗುವುದಿಲ್ಲ. ಒಮ್ಮೆ ಹುಟ್ಟಿದ ಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ಆದ್ದರಿಂದ ಅವು ಕಂಡಾಗಲೂ ಅದು ಈಗಿನ ಜ್ವರದ ಗುರುತೋ ಹಳೆಯ ಜ್ವರದ ಗುರುತೋ ಎಂಬ ಸಂದೇಹ ಇದ್ದೇ ಇರುತ್ತದೆ. ಈ ಒಂದು ಸಂಗತಿ ತಿಳಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೊದಲ ಮೆಟ್ಟಿಲು: ರಕ್ತಕಣಗಳ ಎಣಿಕೆ

ಜ್ವರ ಬಂದವರಿಗೆ ಸಾಮಾನ್ಯವಾಗಿ ಮೊದಲು ಬರೆಯುವ ಪರೀಕ್ಷೆ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ. ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳ ಲೆಕ್ಕ ಇದರಲ್ಲಿ ಸಿಗುತ್ತದೆ. ವಯಸ್ಕರಲ್ಲಿ ಬಿಳಿ ರಕ್ತಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000ದವರೆಗೆ ಇರುತ್ತವೆ. ಗಂಟಲು, ಶ್ವಾಸಕೋಶ, ಮೂತ್ರನಾಳಗಳಲ್ಲಿ ಬ್ಯಾಕ್ಟೀರಿಯಾದ ಸೋಂಕಾಗಿದ್ದರೆ ಇವು ಸಾಮಾನ್ಯವಾಗಿ ಏರುತ್ತವೆ. ಡೆಂಗಿಯಲ್ಲಿ ಇಳಿಯುತ್ತವೆ. ಟೈಫಾಯಿಡ್ ಬ್ಯಾಕ್ಟೀರಿಯಾದಿಂದ ಬರುವ ರೋಗವಾದರೂ ಅದರಲ್ಲಿ ಬಿಳಿ ಕಣಗಳು ಏರದೆ ಇರುವುದೇ ಹೆಚ್ಚು.

ಸಿಬಿಸಿ ರೋಗದ ಹೆಸರು ಹೇಳುವುದಿಲ್ಲ. ಯಾವ ದಿಕ್ಕಿನಲ್ಲಿ ಹುಡುಕಬೇಕು ಎಂದು ತೋರಿಸುತ್ತದೆ, ಅಷ್ಟೇ. ಇಎಸ್‌ಆರ್ ಕೂಡ ಇಂಥದೇ. ಅದು ಏರಿದ್ದರೆ ದೇಹದಲ್ಲೆಲ್ಲೋ ಉರಿಯೂತವಿದೆ ಎಂದು ಊಹಿಸಬಹುದೇ ಹೊರತು ಎಲ್ಲಿ, ಏಕೆ ಎಂದು ತಿಳಿಯುವುದಿಲ್ಲ. ರಕ್ತಹೀನತೆ ಇರುವವರಲ್ಲಿ, ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿ ಬೇರೆ ಕಾರಣವಿಲ್ಲದೆಯೂ ಅದು ಹೆಚ್ಚಿರುವುದುಂಟು.

ಮಲೇರಿಯಾ: ಒಂದು ಸಲ ಸಾಲದು

ಫ್ರೆಂಚ್ ಸೇನೆಯ ವೈದ್ಯ ಲಾವೆರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ಸೈನಿಕನೊಬ್ಬನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಮಲೇರಿಯಾದ ಪರಾವಲಂಬಿಯನ್ನು ಕಂಡುಹಿಡಿದ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ 1897ರಲ್ಲಿ ನಮ್ಮ ನೆರೆಯ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟ. ಅಂದಿನಿಂದ ಇಂದಿನವರೆಗೂ ಮಲೇರಿಯಾ ಪತ್ತೆಗೆ ನಂಬಿಕೆಯ ವಿಧಾನವೆಂದರೆ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವನ್ನು ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದೇ. ದಪ್ಪ ಲೇಪದಲ್ಲಿ ಪರಾವಲಂಬಿ ಇದೆಯೇ ಎಂದು ಹುಡುಕುತ್ತಾರೆ. ತೆಳು ಲೇಪದಲ್ಲಿ ಅದು ವೈವಾಕ್ಸ್ ಜಾತಿಯದೋ ಫಾಲ್ಸಿಪಾರಮ್ ಜಾತಿಯದೋ ಎಂದು ಗುರುತಿಸುತ್ತಾರೆ. ಚಿಕಿತ್ಸೆ ಎರಡಕ್ಕೂ ಬೇರೆ ಬೇರೆ. ಸೂಕ್ಷ್ಮದರ್ಶಕವಿಲ್ಲದ ಊರುಗಳಲ್ಲಿ ಕಾರ್ಡಿನ ಮೇಲೆ ಗೆರೆ ಮೂಡುವ ತ್ವರಿತ ಪರೀಕ್ಷೆಯೂ ಬಳಕೆಯಲ್ಲಿದೆ.

ಇಲ್ಲಿ ದಿನದ ಕಟ್ಟುಪಾಡಿಲ್ಲ. ಜ್ವರ ಬಂದ ದಿನವೇ ರಕ್ತ ಕೊಡಬಹುದು. "ಚಳಿ ಬಂದು ನಡುಗುವಾಗಲೇ ರಕ್ತ ತೆಗೆಯಬೇಕು" ಎಂದು ಕಾಯುತ್ತ ಕೂರುವುದು ಬೇಡ. ಆದರೆ ಒಂದು ಸಲ ನೆಗೆಟಿವ್ ಬಂದರೆ ಮಲೇರಿಯಾ ಇಲ್ಲವೇ ಇಲ್ಲ ಎಂದು ಹೇಳುವಂತಿಲ್ಲ. ಪರಾವಲಂಬಿಗಳ ಸಂಖ್ಯೆ ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ಫಾಲ್ಸಿಪಾರಮ್ ಮಲೇರಿಯಾದಲ್ಲಂತೂ ಅವು ಒಳ ಅಂಗಗಳ ಸಣ್ಣ ರಕ್ತನಾಳಗಳಲ್ಲಿ ಅಂಟಿಕೊಂಡು, ಬೆರಳಿನಿಂದ ತೆಗೆದ ಹನಿಯಲ್ಲಿ ಕಡಿಮೆ ಕಾಣಬಹುದು. ಸಂಶಯ ಬಲವಾಗಿದ್ದರೆ 12ರಿಂದ 24 ಗಂಟೆಗಳ ಅಂತರದಲ್ಲಿ ಮೂರು ಬಾರಿ ನೋಡಬೇಕು. ವೈದ್ಯರು ಮತ್ತೆ ಅದೇ ಪರೀಕ್ಷೆಗೆ ಬರೆದರೆ ಅದು ದುಂದಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ.

'ಟೈಫಾಯಿಡ್ ಪಾಸಿಟಿವ್' ಎಂದರೇನು?

ನಮ್ಮಲ್ಲಿ ಹೆಚ್ಚು ಗೊಂದಲಕ್ಕೆ ಕಾರಣವಾಗಿರುವುದು ವಿಡಾಲ್ ಪರೀಕ್ಷೆ. 1896ರಲ್ಲಿ ಫ್ರಾನ್ಸಿನ ವೈದ್ಯ ಫರ್ನಾಂಡ್ ವಿಡಾಲ್ ಇದನ್ನು ಬಳಕೆಗೆ ತಂದಾಗ ಅದೊಂದು ದೊಡ್ಡ ಸಾಧನೆಯೇ ಆಗಿತ್ತು. ಟೈಫಾಯಿಡ್ ರೋಗಿಯ ರಕ್ತದ್ರವವನ್ನು ಟೈಫಾಯಿಡ್ ಬ್ಯಾಕ್ಟೀರಿಯಾಗಳೊಂದಿಗೆ ಬೆರೆಸಿದರೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ವರದಿಯಲ್ಲಿ 1:160 ಎಂದಿದ್ದರೆ ರಕ್ತದ್ರವವನ್ನು 160 ಪಟ್ಟು ತೆಳುಮಾಡಿದಾಗಲೂ ಹೀಗೆ ಗುಂಪಾಗುವುದು ಕಂಡಿತು ಎಂದರ್ಥ.

ಇದು ಹೆಜ್ಜೆಗುರುತಿನ ಪರೀಕ್ಷೆ ಎಂಬುದನ್ನು ಮರೆಯಬಾರದು. ಜ್ವರದ ಮೊದಲ ವಾರದಲ್ಲಿ ನಿಜವಾಗಿ ಟೈಫಾಯಿಡ್ ಇದ್ದರೂ ವಿಡಾಲ್ ನೆಗೆಟಿವ್ ಬರಬಹುದು. ಇನ್ನೊಂದು ಕಡೆ, ನಮ್ಮಂತಹ ಊರುಗಳಲ್ಲಿ ನೀರು, ಆಹಾರದ ಮೂಲಕ ಈ ಬ್ಯಾಕ್ಟೀರಿಯಾದ ಸಂಪರ್ಕ ಬಹಳ ಜನರಿಗೆ ಎಂದೋ ಆಗಿರುತ್ತದೆ. ಅವರ ರಕ್ತದಲ್ಲಿ ಯಾವ ಜ್ವರವಿಲ್ಲದಿದ್ದಾಗಲೂ 1:80ರಷ್ಟು ಪ್ರತಿಕಾಯ ಕಂಡುಬರುವುದುಂಟು. ಟೈಫಾಯಿಡ್ ಲಸಿಕೆ ಹಾಕಿಸಿಕೊಂಡವರಲ್ಲಿಯೂ ಇದು ಪಾಸಿಟಿವ್ ಆಗಬಹುದು. ಮಲೇರಿಯಾದಂತಹ ಬೇರೆ ಜ್ವರಗಳಲ್ಲಿಯೂ ಪಾಸಿಟಿವ್ ಆಗಬಹುದು. "ನಮ್ಮ ಹುಡುಗನಿಗೆ ವರ್ಷಕ್ಕೆ ಮೂರು ಸಲ ಟೈಫಾಯಿಡ್ ಬರುತ್ತದೆ" ಎನ್ನುವ ತಾಯಂದಿರ ಮಾತಿನ ಹಿಂದೆ ಹಲವು ಬಾರಿ ಇರುವುದು ಇದೇ ವಿಡಾಲ್.

ಒಂದೇ ಒಂದು ವಿಡಾಲ್ ವರದಿಯನ್ನು ನಂಬಿ ಚಿಕಿತ್ಸೆ ಮಾಡುವಂತಿಲ್ಲ. ಏಳರಿಂದ ಹತ್ತು ದಿನಗಳ ಅಂತರದಲ್ಲಿ ಎರಡು ಬಾರಿ ಮಾಡಿ, ಪ್ರತಿಕಾಯದ ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ಅದಕ್ಕೆ ಬೆಲೆ. ಆದರೆ ಅಷ್ಟು ದಿನ ಕಾಯಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಟೈಫಾಯಿಡ್ ಸಂಶಯವಿದ್ದಾಗ ಮೊದಲ ವಾರದಲ್ಲೇ ಮಾಡಿಸಬೇಕಾದದ್ದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಇದಕ್ಕೆ ವಯಸ್ಕರಿಂದ ಸುಮಾರು 10 ಮಿಲಿಲೀಟರ್ ರಕ್ತ ಬೇಕು. ಫಲಿತಾಂಶಕ್ಕೆ ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಇದೂ ಪರಿಪೂರ್ಣವಲ್ಲ; ಟೈಫಾಯಿಡ್ ಇರುವ ನೂರು ಜನರಲ್ಲಿ ಸುಮಾರು 40ರಿಂದ 60 ಜನರಲ್ಲಿ ಮಾತ್ರ ಬ್ಯಾಕ್ಟೀರಿಯಾ ಸಿಗುತ್ತದೆ. ಆಂಟಿಬಯಾಟಿಕ್ ಮಾತ್ರೆ ನುಂಗಿ ಬಂದವರಲ್ಲಿ ಇನ್ನೂ ಕಡಿಮೆ. ರಕ್ತ ಕೊಡುವ ಮೊದಲೇ ಔಷಧಿ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಕಲ್ಚರ್‌ನಿಂದ ಇನ್ನೊಂದು ದೊಡ್ಡ ಲಾಭವಿದೆ. ಸಿಕ್ಕ ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದೂ ತಿಳಿಯುತ್ತದೆ. ಒಂದು ಕಾಲದಲ್ಲಿ ಟೈಫಾಯಿಡ್‌ಗೆ ರಾಮಬಾಣವಾಗಿದ್ದ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಾಯಿಡ್ 1972ರಲ್ಲಿಯೇ ಕೇರಳದಲ್ಲಿ ಕಾಣಿಸಿಕೊಂಡಿತ್ತು. ಆಮೇಲೆ ಬಂದ ಸಿಪ್ರೊಫ್ಲಾಕ್ಸಾಸಿನ್ ಕೂಡ ನಮ್ಮ ದೇಶದಲ್ಲಿ ತನ್ನ ಹಿಡಿತವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಇಲ್ಲದ ಟೈಫಾಯಿಡ್‌ಗೆ ಆಂಟಿಬಯಾಟಿಕ್ ನುಂಗಿದಷ್ಟೂ, ಇರುವ ಟೈಫಾಯಿಡ್‌ಗೆ ಮದ್ದು ಸಿಗದ ದಿನ ಹತ್ತಿರವಾಗುತ್ತದೆ. ಅದಕ್ಕಿಂತ ತಕ್ಷಣದ ಅಪಾಯವೆಂದರೆ, ಟೈಫಾಯಿಡ್ ಎಂದು ತೀರ್ಮಾನಿಸಿ ಸುಮ್ಮನಾದಾಗ ಒಳಗಿರುವ ಡೆಂಗಿಯೋ ಮಲೇರಿಯಾವೋ ತನ್ನ ಪಾಡಿಗೆ ಮುಂದುವರಿಯುವುದು.

ಡೆಂಗಿ: ಐದನೆಯ ದಿನದ ಗಡಿ

ಡೆಂಗಿ ಪರೀಕ್ಷೆಯಲ್ಲಿ ದಿನದ ಲೆಕ್ಕ ಇನ್ನೂ ಸ್ಪಷ್ಟ. ಡೆಂಗಿ ವೈರಸ್ಸಿನ ಎನ್‌ಎಸ್1 ಎಂಬ ಪ್ರೋಟೀನು ಜ್ವರದ ಮೊದಲ ದಿನದಿಂದಲೇ ರಕ್ತದಲ್ಲಿರುತ್ತದೆ. ಐದನೆಯ ದಿನದ ನಂತರ ಕಡಿಮೆಯಾಗುತ್ತದೆ. ಐಜಿಎಂ ಪ್ರತಿಕಾಯಗಳು ಸಾಮಾನ್ಯವಾಗಿ ಐದನೆಯ ದಿನದ ಹೊತ್ತಿಗೆ ಕಾಣಿಸತೊಡಗುತ್ತವೆ. ಆದ್ದರಿಂದ ಮೊದಲ ಐದು ದಿನ ಎನ್‌ಎಸ್1, ಆಮೇಲೆ ಐಜಿಎಂ ಎಂಬುದು ಸರಳ ನಿಯಮ. ಎರಡನೆಯ ದಿನ ಮಾಡಿಸಿದ ಐಜಿಎಂ ನೆಗೆಟಿವ್ ಎಂದು ಸಮಾಧಾನಪಟ್ಟರೆ ಮೋಸ ಹೋದಂತೆ. ಐಜಿಎಂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುವುದರಿಂದ, ಪಾಸಿಟಿವ್ ಬಂದರೂ ಅದು ಹಿಂದೆ ಬಂದುಹೋದ ಡೆಂಗಿಯದೇ ಇರಬಹುದು.

ಪರೀಕ್ಷೆಯ ವಿಧಾನವೂ ಮುಖ್ಯ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಉತ್ತರ ಕೊಡುವ ಕಾರ್ಡ್ ಪರೀಕ್ಷೆಗಿಂತ ಎಲಿಸಾ ವಿಧಾನ ಹೆಚ್ಚು ನಂಬಿಕೆಗೆ ಅರ್ಹ. ಸರ್ಕಾರದ ಡೆಂಗಿ ನಿಯಂತ್ರಣ ಕಾರ್ಯಕ್ರಮ ಖಚಿತಪಡಿಸಿಕೊಳ್ಳಲು ಒಪ್ಪುವುದೂ ಎಲಿಸಾವನ್ನೇ. 2024ರಲ್ಲಿ ರಾಜ್ಯದಲ್ಲಿ ಡೆಂಗಿ ಹೆಚ್ಚಿದಾಗ ಕರ್ನಾಟಕ ಸರ್ಕಾರವು ಖಾಸಗಿ ಲ್ಯಾಬುಗಳಲ್ಲಿ ಎನ್‌ಎಸ್1 ಮತ್ತು ಐಜಿಎಂ ಎಲಿಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿಯ ಮಿತಿ ಹಾಕಿತ್ತು. ದಿನದ ಲೆಕ್ಕ ಗೊತ್ತಿದ್ದವರು ಎರಡರಲ್ಲಿ ಒಂದನ್ನಷ್ಟೇ ಮಾಡಿಸಿ ಹಣ ಉಳಿಸಬಹುದು.

ಪ್ಲೇಟ್‌ಲೆಟ್ ಭಯ

ಡೆಂಗಿ ಎಂದ ಕೂಡಲೇ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಸಂಖ್ಯೆಯ ಮೇಲೆ. ಸಾಮಾನ್ಯವಾಗಿ ಇದು ಒಂದು ಮೈಕ್ರೋಲೀಟರ್‌ಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. "ನಿನ್ನೆ ತೊಂಬತ್ತು ಸಾವಿರ ಇತ್ತು, ಇವತ್ತು ಎಂಬತ್ತಕ್ಕೆ ಇಳಿದಿದೆ" ಎಂದು ಬಂಧುಗಳೆಲ್ಲ ಆಸ್ಪತ್ರೆಯ ಮುಂದೆ ನೆರೆಯುವುದನ್ನು ನೋಡುತ್ತೇವೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ರೋಗದ ಸಹಜ ನಡೆ. ಗುಣವಾಗುವ ಹಂತದಲ್ಲಿ ಅದು ತಾನಾಗಿಯೇ ಏರುತ್ತದೆ. ರಕ್ತಸ್ರಾವವಿಲ್ಲದಿದ್ದರೆ 10,000ಕ್ಕಿಂತ ಮೇಲಿರುವ ರೋಗಿಗೆ ಸಾಮಾನ್ಯವಾಗಿ ಹೊರಗಿನಿಂದ ಪ್ಲೇಟ್‌ಲೆಟ್ ಕೊಡುವ ಅಗತ್ಯವಿಲ್ಲ.

ಯಂತ್ರ ಹೇಳುವ ಸಂಖ್ಯೆಯೂ ಯಾವಾಗಲೂ ನಿಜವಲ್ಲ. ರಕ್ತ ತೆಗೆಯುವಾಗ ಸೂಜಿ ಸರಿಯಾಗಿ ಸಿಗದೆ ಒದ್ದಾಡಿದ್ದರೆ ನಳಿಕೆಯಲ್ಲಿ ಸಣ್ಣ ಹೆಪ್ಪುಗಳಾಗುತ್ತವೆ. ಕೆಲವರ ರಕ್ತದಲ್ಲಿ, ಹೆಪ್ಪುಗಟ್ಟದಿರಲೆಂದು ನಳಿಕೆಯಲ್ಲಿ ಹಾಕಿರುವ ರಾಸಾಯನಿಕದಿಂದಲೇ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ. ಯಂತ್ರ ಇಡೀ ಗುಂಪನ್ನು ಬಿಡಿ ಕಣಗಳಾಗಿ ಎಣಿಸಲಾರದೆ ಕಡಿಮೆ ಸಂಖ್ಯೆ ತೋರಿಸುತ್ತದೆ. ರೋಗಿಯ ಸ್ಥಿತಿಗೂ ವರದಿಗೂ ತಾಳೆಯಾಗದಿದ್ದರೆ ರಕ್ತಲೇಪವನ್ನು ಕಣ್ಣಿನಿಂದಲೇ ನೋಡುವಂತೆ ವೈದ್ಯರು ಲ್ಯಾಬಿಗೆ ಹೇಳುವುದು ಇದಕ್ಕಾಗಿ.

ಡೆಂಗಿಯಲ್ಲಿ ಜೀವಕ್ಕೆ ಸಂಚಕಾರ ತರುವುದು ಬಹುಪಾಲು ರಕ್ತನಾಳಗಳಿಂದ ನೀರಿನಂಶ ಸೋರಿಹೋಗುವುದು. ಒಲೆಯ ಮೇಲಿನ ಸಾರು ನೀರಿಂಗಿ ಗಟ್ಟಿಯಾದಂತೆ ರಕ್ತ ಗಟ್ಟಿಯಾಗುತ್ತದೆ. ಇದನ್ನು ತೋರಿಸುವ ಅಂಕಿ ಸಿಬಿಸಿ ವರದಿಯಲ್ಲೇ ಇರುತ್ತದೆ. ಅದರ ಹೆಸರು ಪಿಸಿವಿ ಅಥವಾ ಹೆಮಟೋಕ್ರಿಟ್. ಪ್ಲೇಟ್‌ಲೆಟ್ ಇಳಿಯುತ್ತಿರುವಾಗಲೇ ಪಿಸಿವಿ ಏರುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಇದು ನಡೆಯುವುದು ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಅದೂ ಜ್ವರ ಇಳಿಯುವ ಹೊತ್ತಿಗೆ. "ಜ್ವರ ಬಿಟ್ಟಿತು, ಇನ್ನೇನು ಪರೀಕ್ಷೆ" ಎಂದು ಮನೆಯವರು ನಿಶ್ಚಿಂತರಾಗುವ ಸಮಯವೇ ಹೆಚ್ಚು ಎಚ್ಚರದಿಂದಿರಬೇಕಾದ ಸಮಯ. ಆ ದಿನಗಳಲ್ಲಿ ವೈದ್ಯರು ಹೇಳಿದಂತೆ ಸಿಬಿಸಿ ಮಾಡಿಸುವುದನ್ನು ತಪ್ಪಿಸಬಾರದು.

ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ?

ಯಾವ ಪರೀಕ್ಷೆ ಬೇಕೆಂದು ತೀರ್ಮಾನಿಸಲು ದಿನದ ಜೊತೆಗೆ ಊರು, ಕೆಲಸ ಇವೂ ವೈದ್ಯರಿಗೆ ತಿಳಿಯಬೇಕು. ಕರಾವಳಿ, ಮಲೆನಾಡುಗಳಲ್ಲಿ ಗದ್ದೆ, ತೋಟದ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಕಾಮಾಲೆಯೊಂದಿಗೆ ಜ್ವರ ಬಂದರೆ ಇಲಿಜ್ವರದ ಸಂಶಯ. ಇದರ ಐಜಿಎಂ ಕೂಡ ಮೊದಲ ನಾಲ್ಕೈದು ದಿನ ಸಿಗುವುದಿಲ್ಲ. ಬಲವಾದ ಸಂಶಯವಿದ್ದರೆ ವೈದ್ಯರು ವರದಿಗೆ ಕಾಯದೆ ಚಿಕಿತ್ಸೆ ಶುರುಮಾಡುತ್ತಾರೆ.

ಹೊಲ, ಪೊದೆ, ಹುಲ್ಲುಗಾವಲುಗಳಲ್ಲಿ ಓಡಾಡಿದವರಿಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಮರಿ ಕಚ್ಚಿ ಬರುವ ಜ್ವರ ಸ್ಕ್ರಬ್ ಟೈಫಸ್. ಕಂಕುಳು, ತೊಡೆಸಂದು ಮುಂತಾದ ಮರೆಯ ಜಾಗಗಳಲ್ಲಿ ಬೀಡಿಯಿಂದ ಸುಟ್ಟಂತಹ ಕಪ್ಪು ಹೆಕ್ಕಳೆ ಇದ್ದರೆ ಅದು ಯಾವ ರಕ್ತಪರೀಕ್ಷೆಗೂ ಕಡಿಮೆಯಲ್ಲದ ಸಾಕ್ಷಿ. ನಾಚಿಕೆಯಿಂದ ಅದನ್ನು ಮುಚ್ಚಿಟ್ಟರೆ ರೋಗವೂ ಮುಚ್ಚಿಹೋಗುತ್ತದೆ. ಹೆಸರಿನಲ್ಲಿ ಟೈಫಸ್ ಎಂದಿದ್ದರೂ ಇದು ಟೈಫಾಯಿಡ್ ಅಲ್ಲ, ಔಷಧಿಯೂ ಬೇರೆ.

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗರಿಗೂ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸೊಂದನ್ನು ಪತ್ತೆ ಮಾಡಿದರು. ಉಣ್ಣೆಯಿಂದ ಹರಡುವ ಈ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಮಲೆನಾಡನ್ನು ಕಾಡುತ್ತದೆ. ಇಲ್ಲಿಯೂ ಅದೇ ನಿಯಮ: ಆರಂಭದ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್, ನಂತರ ಐಜಿಎಂ. ದರಗೆಲೆ, ಸೌದೆಗೆಂದು ಕಾಡಿಗೆ ಹೋಗಿಬಂದಿದ್ದರೆ, ಹತ್ತಿರದಲ್ಲೆಲ್ಲಾದರೂ ಮಂಗ ಸತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ಗೆರೆ ದಾಟಿದ ಅಂಕಿಗಳು

ವರದಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿದ ಅಂಕಿ ಕಂಡರೆ ಹೆದರುವವರಿದ್ದಾರೆ. ಅದರ ಪಕ್ಕದಲ್ಲಿರುವ ಸಾಮಾನ್ಯ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನರ ಅಂಕಿಗಳು ಒಳಗೆ ಬರುವಂತೆ ಹಾಕಿರುತ್ತಾರೆ. ಉಳಿದ ಐವರು ಆರೋಗ್ಯವಾಗಿದ್ದೂ ಗೆರೆಯ ಹೊರಗೆ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಬ್ಬ ಆರೋಗ್ಯವಂತನಿಗೆ ಮಾಡಿದರೆ ಒಂದಾದರೂ ಗೆರೆ ದಾಟುವ ಸಂಭವ ನೂರಕ್ಕೆ 64ರಷ್ಟು. ಜ್ವರಕ್ಕೆಂದು ದೊಡ್ಡ 'ಪ್ಯಾಕೇಜ್' ಮಾಡಿಸಿದಾಗ ಸಂಬಂಧವೇ ಇಲ್ಲದ ಅಂಕಿಯೊಂದು ಎದ್ದು ನಿಂತು, ಅದರ ಹಿಂದೆ ಇನ್ನಷ್ಟು ಪರೀಕ್ಷೆಗಳು ಬೆಳೆಯುವುದು ಹೀಗೆ. ಬೇಕಾದ ಮೂರು ಪರೀಕ್ಷೆಗಳು ಬೇಡದ ಮೂವತ್ತಕ್ಕಿಂತ ಮೇಲು.

ರಕ್ತ ಕೊಡುವಾಗ

ಜ್ವರಕ್ಕಾಗಿ ಮಾಡುವ ಪರೀಕ್ಷೆಗಳಿಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಗಂಜಿ ಕುಡಿದು ಹೋಗಬಹುದು; ಮೈಯಲ್ಲಿ ನೀರಿನಂಶವಿದ್ದರೆ ನರ ಸಿಗುವುದೂ ಸುಲಭ. "ಇಷ್ಟೊಂದು ರಕ್ತ ತೆಗೆದರಲ್ಲ, ಮೊದಲೇ ನಿಶ್ಶಕ್ತಿ" ಎಂದು ಹಿರಿಯರು ಮರುಗುವುದುಂಟು. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. 5 ಮಿಲಿಲೀಟರ್ ಅದರ ಸಾವಿರದಲ್ಲೊಂದು ಪಾಲು. ಅದರಿಂದ ನಿಶ್ಶಕ್ತಿ ಆಗುವುದಿಲ್ಲ. ಮಕ್ಕಳಿಗೆ ಅವರ ತೂಕ ನೋಡಿ ಇನ್ನೂ ಕಡಿಮೆ ತೆಗೆಯುತ್ತಾರೆ.

ಈ ಕೆಲವು ಸಂಗತಿಗಳನ್ನು ಗಮನದಲ್ಲಿಡಿ:

* ಮೈ ಬಿಸಿಯಾದ ಮೊದಲ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದೇ ಒಂದನೆಯ ದಿನ. ರಕ್ತ ಕೊಡುವಾಗಲೂ ವೈದ್ಯರ ಬಳಿಯೂ ಅದನ್ನು ತಿಳಿಸಿ.

* ಈಗಾಗಲೇ ನುಂಗಿದ ಮಾತ್ರೆಗಳ ಪಟ್ಟಿಯನ್ನು ಒಯ್ಯಿರಿ. ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ.

* ನಳಿಕೆಯ ಮೇಲೆ ನಿಮ್ಮ ಹೆಸರು, ವಯಸ್ಸು ಸರಿಯಾಗಿ ಬರೆದಿದ್ದಾರೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ.

* ದಿನ ಬಿಟ್ಟು ದಿನ ಎಣಿಕೆ ಮಾಡಿಸಬೇಕಾದಾಗ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಯಂತ್ರ ಬೇರೆಯಾದರೆ ಅಂಕಿಯೂ ಸ್ವಲ್ಪ ಬೇರೆಯಾಗುತ್ತದೆ.

* ಹಳೆಯ ವರದಿಗಳನ್ನು ಬಿಸಾಡಬೇಡಿ. ಈ ಸಲದ ಅಂಕಿಗೆ ಅರ್ಥ ಬರುವುದು ಹಿಂದಿನದರೊಂದಿಗೆ ಹೋಲಿಸಿದಾಗ.

* ಕಾರಣ ತಿಳಿಯುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಡೆಂಗಿಯಾಗಿದ್ದರೆ ಅವು ರಕ್ತಸ್ರಾವಕ್ಕೆ ದಾರಿಯಾಗಬಹುದು.

ವರದಿಗೆ ಕಾಯಬಾರದ ಸಂದರ್ಭಗಳೂ ಇವೆ. ತಡೆಯಲಾರದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗುಗಳಲ್ಲಿ ರಕ್ತ, ಕಪ್ಪು ಬಣ್ಣದ ಮಲ, ಉಸಿರಾಟದ ತೊಂದರೆ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮಂಪರು, ಅರ್ಥವಿಲ್ಲದ ಮಾತು, ಸೆಳವು ಇವುಗಳಲ್ಲಿ ಯಾವುದು ಕಂಡರೂ, ಕೈಯಲ್ಲಿರುವ ಎಲ್ಲ ವರದಿಗಳೂ ನೆಗೆಟಿವ್ ಇದ್ದರೂ, ರೋಗಿಯನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಒಂದು ದಿನವೂ ಕಾಯುವಂತಿಲ್ಲ.

ರಕ್ತಪರೀಕ್ಷೆ ವೈದ್ಯರ ಪ್ರಶ್ನೆಗೆ ಸಿಗುವ ಉತ್ತರ. ಪ್ರಶ್ನೆ ಸರಿಯಾಗಿದ್ದರೆ ಉತ್ತರವೂ ಉಪಯೋಗಕ್ಕೆ ಬರುತ್ತದೆ. ಆ ಪ್ರಶ್ನೆ ಸರಿಯಾಗಿರಲು ಬೇಕಾದ ಮೊದಲ ಮಾಹಿತಿ ಇರುವುದು ಲ್ಯಾಬಿನಲ್ಲಲ್ಲ, ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ.